ರಾತ್ರಿ ಹತ್ತರ ಮೇಲೆ ಕೇಳೋ ಗುಂಯ್: ಅಕ್ವೇರಿಯಂ ಪಂಪಿನ ಸದ್ದು, ಅದುರಾಟ ಇಳಿಸೋದು ಹೇಗೆ?

ನಿದ್ದೆಗೆಟ್ಟ_ಟೆಟ್ರಾ

ವಿವರ ಎಲ್ಲ ಮೊದಲೇ ಹಾಕಿಬಿಡ್ತೀನಿ. ಎರಡೂವರೆ ಅಡಿ ಟ್ಯಾಂಕು, 75 × 38 × 45 ಸೆಂ.ಮೀ., ನೀರು ಸುಮಾರು 110 ಲೀಟರ್. ಕೆಳಗಡೆ ಪ್ಲೈವುಡ್ ಕ್ಯಾಬಿನೆಟ್ಟು, ಹಿಂಬದಿ ಹಲಗೆ 6 ಮಿ.ಮೀ. ಮಾತ್ರ. ಕ್ಯಾಬಿನೆಟ್ಟಿನ ತಳದಲ್ಲಿ ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕಿನ ನೀರನ್ನ ಪೈಪಲ್ಲಿ ಎಳೆದು ಸೋಸಿ ವಾಪಸ್ ಕಳಿಸೋ ಮೋಟರ್ ಡಬ್ಬಿ), ಮೇಲಿನ ಶೆಲ್ಫಲ್ಲಿ ಎರಡು ಔಟ್‌ಲೆಟ್ಟಿನ 5 ವ್ಯಾಟ್ ಏರ್ ಪಂಪು. ಒಂದು ಔಟ್‌ಲೆಟ್ಟು ಏರ್ ಸ್ಟೋನಿಗೆ (ಗಾಳಿಯನ್ನ ಸಣ್ಣ ಗುಳ್ಳೆ ಮಾಡೋ ರಂಧ್ರದ ಕಲ್ಲು), ಇನ್ನೊಂದು ಸ್ಪಂಜ್ ಫಿಲ್ಟರಿಗೆ (ಗುಳ್ಳೆಯ ಬಲದಲ್ಲಿ ಸ್ಪಂಜಿನ ಮೂಲಕ ನೀರು ಸೋಸೋದು).

ಸದ್ದು ಎರಡು ಥರ. ಒಂದು ಬಿಡುವಿಲ್ಲದ ಗುಂಯ್. ಇನ್ನೊಂದು ಕ್ಯಾನಿಸ್ಟರ್ ಕಡೆಯಿಂದ ಆಗಾಗ ಬರೋ ಕರಕರ. ಏರ್ ಪಂಪಿನ ಅಡಿಗೆ ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸಿ ಇಟ್ಟಾಯ್ತು, ವ್ಯತ್ಯಾಸ ಇಲ್ಲ. ಮೊಬೈಲಿನ ಸೌಂಡ್ ಮೀಟರ್ ಆ್ಯಪ್ 36 ಡೆಸಿಬೆಲ್ ತೋರಿಸುತ್ತೆ, ಪಂಪು ಆಫ್ ಮಾಡಿದರೆ 34. ಎರಡೇ ಡೆಸಿಬೆಲ್‌ಗೆ ಇಷ್ಟು ಕಾಟನಾ? ಹೊಸ ಪಂಪು ತಗೊಳ್ಳೋದೇ ವಾಸಿನಾ?

ಸ್ಪ್ರಿಂಗು_ಲೆಕ್ಕ

ಹೊಸ ಪಂಪಿನ ಮಾತು ಕೊನೆಗಿರಲಿ. ಸದ್ದು ಪಂಪಿನದಾ, ಕ್ಯಾಬಿನೆಟ್ಟಿನದಾ ಅನ್ನೋದು ಮೊದಲು ತೀರ್ಮಾನ ಆಗಬೇಕು. ತಂಬೂರಿಯ ತಂತಿ ಒಂದನ್ನೇ ಎಳೆದು ಕಟ್ಟಿ ಮೀಟಿದರೆ ಪಕ್ಕದಲ್ಲಿ ಕೂತವರಿಗೂ ಸರಿಯಾಗಿ ಕೇಳಲ್ಲ. ಅದನ್ನೇ ಬುರುಡೆಗೆ ಕೂರಿಸಿದರೆ ಇಡೀ ಸಭೆಗೆ ಕೇಳುತ್ತೆ. ನಿಮ್ಮಲ್ಲಿ ಪಂಪು ತಂತಿ, ಆ 6 ಮಿ.ಮೀ. ಪ್ಲೈ ಬುರುಡೆ. ಹೊಸ ತಂತಿ ತಂದು ಅದೇ ಬುರುಡೆಗೆ ಕಟ್ಟಿದರೆ ಏನು ಬಂತು?

ಹತ್ತು ನಿಮಿಷದ ಪರೀಕ್ಷೆ, ಇದೇ ಕ್ರಮದಲ್ಲಿ ಮಾಡಿ:

ಓಡ್ತಿರೋ ಏರ್ ಪಂಪನ್ನ ಟ್ಯೂಬ್ ಸಮೇತ ಅಂಗೈ ಮೇಲೆ ಎತ್ತಿ ಹಿಡೀರಿ. ಕೈ ಒಣಗಿರಲಿ, ವೈರು ಸಡಿಲ ಇರಲಿ. ಗುಂಯ್ ಅರ್ಧಕ್ಕಿಂತ ಕೆಳಗಿಳಿದರೆ ಪಂಪು ಚೆನ್ನಾಗಿದೆ, ಅದರ ಅದುರು ಶೆಲ್ಫಿಗೆ ಇಳೀತಿದೆ ಅಂತ ಅರ್ಥ. ಕೈಯಲ್ಲೂ ಅಷ್ಟೇ ಸದ್ದು ಇದ್ದರೆ ದೋಷ ಒಳಗಡೆ.

ಹಾಗೇ ಹಿಡಿದುಕೊಂಡು ಎರಡೂ ಟ್ಯೂಬ್ ಕಿತ್ತು ನೋಡಿ. ಸದ್ದಿನ ಧಾಟಿ ಬದಲಾಗಿ ಹಗುರಾದರೆ ಪಂಪು ತಿಣುಕ್ತಾ ಇದೆ. ಏರ್ ಸ್ಟೋನ್ ಅಥವಾ ಚೆಕ್ ವಾಲ್ವ್ (ನೀರು ವಾಪಸ್ ಬರದ ಹಾಗೆ ಟ್ಯೂಬಿಗೆ ಹಾಕೋ ಒಮ್ಮುಖ ವಾಲ್ವ್) ಕಟ್ಟಿಕೊಂಡಿದೆ. ನಿಮ್ಮ ಪಂಪು ನೀರಿನ ಮಟ್ಟಕ್ಕಿಂತ ಕೆಳಗಿದೆ, ಆದ್ದರಿಂದ ಟ್ಯೂಬ್ ಕೀಳೋ ಮೊದಲು ಚೆಕ್ ವಾಲ್ವ್ ಕೆಲಸ ಮಾಡ್ತಿದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಟ್ಯಾಂಕಿನ ನೀರು ಟ್ಯೂಬಿನಲ್ಲಿ ಇಳಿದು ಕ್ಯಾಬಿನೆಟ್ಟಿಗೆ ಬರುತ್ತೆ.

ಆಮೇಲೆ ಪಂಪನ್ನ ಜಾಗಕ್ಕಿಟ್ಟು, ಅಂಗೈ ಚಪ್ಪಟೆಯಾಗಿ ಹಿಂಬದಿ ಹಲಗೆ, ಬಾಗಿಲು, ಟ್ಯಾಂಕಿನ ಮುಚ್ಚಳದ ಗಾಜು ಒಂದೊಂದನ್ನೇ ಗಟ್ಟಿಯಾಗಿ ಒತ್ತಿ. ಎಲ್ಲಿ ಒತ್ತಿದಾಗ ಸದ್ದು ತಗ್ಗುತ್ತೋ ಅದೇ ನಿಮ್ಮ ಸ್ಪೀಕರ್ರು.

ಕ್ಯಾನಿಸ್ಟರಿಗೆ ಬೇರೆ. ಉದ್ದದ ಸ್ಕ್ರೂಡ್ರೈವರ್ ತುದಿಯನ್ನ ಮೋಟರ್ ತಲೆಗೆ ಮುಟ್ಟಿಸಿ, ಹಿಡಿಯನ್ನ ಕಿವಿಯ ಮುಂದಿನ ಮೂಳೆಗೆ ಒತ್ತಿ ಕೇಳಿ. ಮರಳು ಉಜ್ಜಿದ ಹಾಗಾ, ಕಟಕಟನಾ, ನೀರು ಮುಕ್ಕಳಿಸಿದ ಹಾಗಾ? ಅದರ ಮೇಲೆ ಮುಂದಿನ ಮಾತು.

ಹುಬ್ಬಳ್ಳಿ_ಸಿಕ್ಲಿಡ್

ಚಪ್ಪಲಿ ಅಟ್ಟಿ ಇಟ್ರ ಏನೂ ಆಗಂಗಿಲ್ರೀ. ಅದು 60 ಕೆಜಿ ಮನಷ್ಯಾನ್ನ ಹೊರಾಕ ಮಾಡಿದ್ದು, 350 ಗ್ರಾಂ ಪಂಪಿಗೆ ಅದು ಬಂಡಿಗಲ್ಲು ಇದ್ದಂಗ. ಮೌಸ್ ಪ್ಯಾಡ್, ಥರ್ಮಾಕೋಲ್ ಎಲ್ಲಾ ಅದ ಹಣೇಬರಹ.

ಸರಳ ಉಪಾಯ ಅಂದ್ರ ಪಂಪು ತೂಗುಹಾಕೋದು. ಹಳೀ ಸೈಕಲ್ ಟ್ಯೂಬ್ ಒಂದು ಸೆಂ.ಮೀ. ಅಗಲ ಪಟ್ಟಿ ಕತ್ತರಿಸ್ರಿ, ಎರಡು ಕುಣಿಕಿ ಮಾಡಿ ಪಂಪಿನ ಎರಡೂ ತುದೀಗೆ ಹಾಕಿ ಕೊಕ್ಕಿಗೆ ತೂಗಬಿಡ್ರಿ. ಗ್ವಾಡಿಗೆ, ಹಲಿಗಿಗೆ ಎಲ್ಲೂ ತಾಗಬಾರದು, ನಾಲ್ಕೂ ಕಡೆ ಎರಡು ಬೆರಳು ಜಾಗ ಇರಲಿ. ಕೊಕ್ಕಿ ನೀರಿನ ಮಟ್ಟಕ್ಕಿಂತ ಮ್ಯಾಲ ಗ್ವಾಡಿಗೇ ಹೊಡದ್ರ ಇನ್ನೂ ಛಲೋ. ಕರೆಂಟ್ ಹೋದಾಗ ನೀರು ವಾಪಸ್ ಪಂಪಿಗೆ ಬರೋ ಭಯ ಇಲ್ಲ, ಚೆಕ್ ವಾಲ್ವೂ ಬ್ಯಾಡ. ಆದ್ರ ಪಾರ್ಟಿಕಲ್ ಬೋರ್ಡಿನ ಪಾರ್ಟಿಶನ್‌ಗೆ ಕೊಕ್ಕಿ ಹೊಡೀಬ್ಯಾಡ್ರಿ, ಇಟ್ಟಂಗಿ ಗ್ವಾಡಿ ಬೇಕು.

ಸ್ಪ್ರಿಂಗು_ಲೆಕ್ಕ

ತೂಗುಹಾಕೋದಕ್ಕೆ ನನ್ನ ಮತವೂ ಇದೆ. ಬಾಡಿಗೆ ಮನೇಲಿ ಗೋಡೆಗೆ ಮೊಳೆ ಹೊಡೆಯೋಕೆ ಆಗದವರಿಗೆ ಕಲ್ಲು ಮತ್ತು ಫೋಮು. ಇದರ ಲೆಕ್ಕ ಬರೀತೀನಿ, ಯಾಕಂದ್ರೆ "ಮೆತ್ತಗಿರೋದು ಏನಾದ್ರೂ ಇಡಿ" ಅನ್ನೋ ಸಲಹೆಯಿಂದಲೇ ಚಪ್ಪಲಿ ಅಟ್ಟೆ ಹುಟ್ಟಿದ್ದು.

ನಮ್ಮ ಕರೆಂಟು 50 ಹರ್ಟ್ಸ್. ಏರ್ ಪಂಪಿನ ಒಳಗಿನ ತೋಳಿನ ತುದೀಲಿ ಶಾಶ್ವತ ಅಯಸ್ಕಾಂತ ಇರೋದರಿಂದ ಅದು ಸೆಕೆಂಡಿಗೆ 50 ಸಲ ಅತ್ತಿತ್ತ ಆಡುತ್ತೆ. ಅದರ ಜೊತೆ 100, 150ರ ಸ್ವರಗಳೂ ಇರುತ್ತವೆ. ಪಂಪಿನ ಅಡಿ ಏನೇ ಮೆತ್ತಗಿನದು ಇಟ್ಟರೂ ಅದು ಒಂದು ಸ್ಪ್ರಿಂಗು, ಅದಕ್ಕೆ ಅದರದೇ ಒಂದು ಬಡಿತ ಇರುತ್ತೆ. ಆ ಬಡಿತ ತಿಳಿಯೋಕೆ ಒಂದೇ ಅಳತೆ ಸಾಕು: ಭಾರ ಕೂತಾಗ ಅದು ಎಷ್ಟು ಮಿಲಿಮೀಟರ್ ತಗ್ಗಿತು? 15.8ನ್ನ ಆ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ.

0.1 ಮಿ.ಮೀ. ತಗ್ಗಿದರೆ 50 ಹರ್ಟ್ಸ್, ಅಂದರೆ ಪಂಪಿನ ಬಡಿತಕ್ಕೆ ಸರಿಸಮ. ಆಗ ಅದುರು ಕಡಿಮೆ ಆಗೋದು ಹಾಗಿರಲಿ, ಜಾಸ್ತಿ ಆಗುತ್ತೆ! ಗಟ್ಟಿ ರಬ್ಬರ್ ಪಾದ, ಚಪ್ಪಲಿ ಅಟ್ಟೆ ಇವೆಲ್ಲ ಹಗುರ ಪಂಪಿನ ಅಡಿ ಇದರ ಆಸುಪಾಸಲ್ಲೇ ಓಡಾಡೋದು. 0.2 ಮಿ.ಮೀ. ತಗ್ಗಿದರೆ 35 ಹರ್ಟ್ಸ್. ಉಪಯೋಗ ಶುರುವಾಗೋದೇ ಅಲ್ಲಿಂದ. 0.9 ಮಿ.ಮೀ.ಗೆ ಸುಮಾರು 17 ಹರ್ಟ್ಸ್, ಆಗ ಶೆಲ್ಫಿಗೆ ಇಳಿಯೋ ಅದುರು ಎಂಟನೇ ಒಂದು ಭಾಗ. ಫೋಮು ವೇಗದ ಅದುರಿಗೆ ಇದಕ್ಕಿಂತ ಗಟ್ಟಿಯಾಗಿ ವರ್ತಿಸುತ್ತೆ, ಅದಕ್ಕೆ 2 ಮಿ.ಮೀ. ಗುರಿ ಇಟ್ಟುಕೊಳ್ಳಿ.

350 ಗ್ರಾಂ ಪಂಪು ತಾನಾಗೇ 2 ಮಿ.ಮೀ. ತಗ್ಗಿಸಲ್ಲ. ಅದಕ್ಕೇ ಕಲ್ಲು. ಗ್ರಾನೈಟ್ ಅಂಗಡಿಯ ಚೂರುಗಳ ರಾಶೀಲಿ 15 × 15 ಸೆಂ.ಮೀ., 18 ಮಿ.ಮೀ. ದಪ್ಪದ ತುಂಡು ಸಿಕ್ಕರೆ ಸುಮಾರು 1.1 ಕೆಜಿ ತೂಗುತ್ತೆ. ಕಡಪಾ ಕಲ್ಲಾದರೂ ಸರಿ. ಕಲ್ಲು ಎರಡು ಕೆಲಸ ಮಾಡುತ್ತೆ: ಫೋಮನ್ನ ಒತ್ತುತ್ತೆ, ಮತ್ತೆ ಪಂಪಿನ ಕುಣಿತವನ್ನೇ ಸಣ್ಣದು ಮಾಡುತ್ತೆ, ಅದೇ ಬಲ ಈಗ ನಾಲ್ಕು ಪಟ್ಟು ತೂಕವನ್ನ ಅಲುಗಿಸಬೇಕಲ್ಲ.

ಫೋಮು 25 ಮಿ.ಮೀ. ದಪ್ಪದ ಸೋಫಾ ಫೋಮ್, ಕುಶನ್ ಹೊಲಿಯೋರ ಹತ್ತಿರ ಚೂರು ಬಿದ್ದಿರುತ್ತೆ. ಇಡೀ ಕಲ್ಲಿನಡಿ ಹಾಸಬೇಡಿ. ಭಾರ ಹಂಚಿಹೋಗಿ ಫೋಮು ತಗ್ಗೋದೇ ಇಲ್ಲ. 4 × 4 ಸೆಂ.ಮೀ.ನ ನಾಲ್ಕು ತುಂಡು, ನಾಲ್ಕು ಮೂಲೆಗೆ. ಪಂಪು ಇಟ್ಟ ಮೇಲೆ ಸ್ಕೇಲಿನಲ್ಲಿ ಅಳೀರಿ, 25 ಇದ್ದದ್ದು 23ರ ಹತ್ತಿರ ಬಂದಿರಬೇಕು. 24ಕ್ಕೂ ಇಳಿದಿಲ್ಲ ಅಂದ್ರೆ ತುಂಡುಗಳನ್ನ 3 × 3ಕ್ಕೆ ಕತ್ತರಿಸಿ. 18ಕ್ಕಿಂತ ಕೆಳಗೆ ಹೋಗಿ ಕಲ್ಲು ವಾಲಾಡ್ತಿದ್ದರೆ ಫೋಮು ತೀರಾ ಸಡಿಲ, ದೊಡ್ಡ ತುಂಡು ಹಾಕಿ. ಪಂಪು ಅದುರಿ ಅದುರಿ ಜಾರಿ ಅಂಚಿಗೆ ಹೋಗದ ಹಾಗೆ ಡಬಲ್ ಟೇಪ್ ಒಂದು ಚೂರು.

ಫೋಮು ಕೆಲವು ತಿಂಗಳಲ್ಲಿ ಸತ್ತು ಚಪ್ಪಟೆಯಾಗುತ್ತೆ. ಸದ್ದು ವಾಪಸ್ ಬಂದರೆ ಪಂಪನ್ನ ಬೈಬೇಡಿ, ಸ್ಕೇಲ್ ಹಿಡೀರಿ.

ಇನ್ನೊಂದು, ಎಲ್ಲರೂ ಮರೆಯೋದು. ಕಲ್ಲು, ಫೋಮು ಎಲ್ಲ ಮಾಡಿ ಗಟ್ಟಿ ಪಿವಿಸಿ ಏರ್ ಟ್ಯೂಬನ್ನ ಬಿಗಿಯಾಗಿ ಕ್ಯಾಬಿನೆಟ್ಟಿನ ತೂತಿನ ಅಂಚಿಗೆ ಒರಗಿಸಿಬಿಟ್ಟರೆ ಅದುರು ಆ ದಾರೀಲಿ ಹೋಗುತ್ತೆ. ಪಂಪಿನಿಂದ ಮೊದಲ 30 ಸೆಂ.ಮೀ. ಸಿಲಿಕೋನ್ ಟ್ಯೂಬ್ ಇರಲಿ (ಒಳವ್ಯಾಸ 4 ಮಿ.ಮೀ.), ಸಡಿಲವಾಗಿ ಜೋತು ಬಿದ್ದಿರಲಿ. ತೂತಿನ ಅಂಚಿಗೆ ಎಸಿಯ ತಾಮ್ರದ ಪೈಪಿಗೆ ಹಾಕೋ ಕಪ್ಪು ಫೋಮ್ ಕೊಳವೆಯ ಒಂದು ತುಂಡು ಸೀಳಿ ತೊಡಿಸಿ. ವೈರಿಗೂ ಅದೇ ನಿಯಮ.

ಮಲ್ಲೇಶ್ವರ_ಗಪ್ಪಿ

ಇಷ್ಟೆಲ್ಲ ಯಾಕೆ ಸರ್? ಪಂಪನ್ನ ಒಂದು ಥರ್ಮಾಕೋಲ್ ಡಬ್ಬಿಗೆ ಹಾಕಿ, ಸುತ್ತ ಟವೆಲ್ ತುರುಕಿ ಮುಚ್ಚಿಬಿಟ್ಟರೆ ಆಗಲ್ವಾ?

ಕುಡ್ಲ_ರಿಪೇರಿ

ಬೇಡ ಮಾರಾಯ್ರೆ. ಕಾಯಿಲ್ ಬಿಸಿ ಹೋಗಲಿಕ್ಕೆ ಜಾಗ ಇಲ್ಲದಿದ್ರೆ ಒಳಗಿನ ರಬ್ಬರು ಗಟ್ಟಿಯಾಗಿ ಬಿರಿಯುತ್ತದೆ. ಮತ್ತೆ ಪಂಪು ಗಾಳಿ ಎಳೆಯುವುದು ಅಡಿಯ ಒಂದು ಸಣ್ಣ ತೂತಿನಿಂದ. ಟವೆಲಿನ ನೂಲೆಲ್ಲ ಅಲ್ಲಿಗೆ ಹೋಗಿ ವಾಲ್ವಿನಲ್ಲಿ ಕೂತುಕೊಳ್ತದೆ. ಥರ್ಮಾಕೋಲ್ ಹಗುರ, ಸದ್ದು ತಡೆಯಲಿಕ್ಕೆ ಭಾರ ಬೇಕು. ಬೆಂಕಿಗೆ ಅದು ಆಗುವುದೇ ಇಲ್ಲ.

ಡಬ್ಬಿ ಬೇಕೇ ಬೇಕು ಅಂತಾದ್ರೆ 12 ಅಥವಾ 18 ಮಿ.ಮೀ. ಪ್ಲೈಯಿಂದ ಮಾಡಿ, ಒಳಮೈಗೆ ಫೋಮ್ ಅಂಟಿಸಿ, ಎದುರುಬದುರು ಮೂಲೆಗಳಲ್ಲಿ ಗಾಳಿಗೆ ಎರಡು ಕಿಂಡಿ. ಪಂಪು ಡಬ್ಬಿಯ ಗೋಡೆಗೆ ಮುಟ್ಟಬಾರದು, ಒಳಗೂ ಅದೇ ಕಲ್ಲು–ಫೋಮು ಬೇಕು. ಅದುರು ನಿಲ್ಲಿಸದೆ ಡಬ್ಬಿ ಮಾತ್ರ ಮಾಡಿದರೆ ಇನ್ನೊಂದು ಬುರುಡೆ ಮಾಡಿ ಕೊಟ್ಟ ಹಾಗೆ.

ನಿದ್ದೆಗೆಟ್ಟ_ಟೆಟ್ರಾ

ಪರೀಕ್ಷೆ ಆಯ್ತು. ಕೈಯಲ್ಲಿ ಹಿಡಿದಾಗ ಗುಂಯ್ ಬಹಳ ಇಳೀತು, ಆದ್ರೆ ಪೂರ್ತಿ ಹೋಗಲಿಲ್ಲ. ಟ್ಯೂಬ್ ಕಿತ್ತಾಗ ಇನ್ನೂ ಹಗುರಾಯ್ತು. ಏರ್ ಸ್ಟೋನಿನ ಟ್ಯೂಬ್ ಕಿತ್ತಾಗ ಮಾತ್ರ ಹಾಗೆ, ಸ್ಪಂಜ್ ಫಿಲ್ಟರಿನದು ಕಿತ್ತರೆ ಏನೂ ಇಲ್ಲ. ಹಿಂಬದಿ ಹಲಗೆ ಒತ್ತಿದರೆ ಸದ್ದು ಅರ್ಧ. ಕ್ಯಾನಿಸ್ಟರಿಗೆ ಸ್ಕ್ರೂಡ್ರೈವರ್ ಇಟ್ಟರೆ ಮೂರೂ ಥರ ಕೇಳುತ್ತೆ: ಯಾವಾಗಲೂ ಸಣ್ಣ ಕಟಕಟ, ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಮುಕ್ಕಳಿಸೋ ಸದ್ದು, ಆಮೇಲೆ ಕರಕರ.

ಕುಡ್ಲ_ರಿಪೇರಿ

ಏರ್ ಸ್ಟೋನ್ ಸಿಕ್ಕಿಬಿದ್ದಿತು ಅಲ್ವಾ. ನೀರಿನ ಒತ್ತಡ 10 ಸೆಂ.ಮೀ.ಗೆ ಹೆಚ್ಚುಕಮ್ಮಿ 1 ಕಿಲೋಪಾಸ್ಕಲ್. ನಿಮ್ಮ ಸ್ಟೋನ್ 40 ಸೆಂ.ಮೀ. ಆಳದಲ್ಲಿದ್ದರೆ ಪಂಪು ಸುಮ್ಮನೆ ಗುಳ್ಳೆ ಬಿಡಲಿಕ್ಕೇ 4 ಕಿಲೋಪಾಸ್ಕಲ್ ತಳ್ಳಬೇಕು. ಅದರ ಮೇಲೆ ಸ್ಟೋನಿನ ರಂಧ್ರಗಳಲ್ಲಿ ಬೋರ್‌ವೆಲ್ ನೀರಿನ ಸುಣ್ಣ, ಪಾಚಿ ಕಟ್ಟಿದರೆ ಪಂಪಿನೊಳಗೆ ಗಾಳಿ ತಳ್ಳುವ ರಬ್ಬರು, ಅಂದರೆ ಡಯಾಫ್ರಾಮ್, ಪ್ರತೀ ಬಡಿತಕ್ಕೂ ಉಬ್ಬುಸ ಪಡುತ್ತದೆ. ಸ್ಟೋನ್ ಕಳಚಿ, ಬರೀ ಟ್ಯೂಬ್ ಅದೇ ಆಳಕ್ಕೆ ಇಳಿಸಿ. ಸದ್ದು ಇಳಿದರೆ ದೋಷ ಸ್ಟೋನಿನದು, ಇಳಿಯದಿದ್ದರೆ ಚೆಕ್ ವಾಲ್ವಿನದು. ಸ್ಟೋನನ್ನು ವಿನೆಗರಿನಲ್ಲಿ ಒಂದು ರಾತ್ರಿ ನೆನೆಹಾಕಿ, ತೊಳೆದು, ಹತ್ತು ನಿಮಿಷ ಕುದಿಸಿ. ಆದರೂ ಗುಳ್ಳೆ ಒಂದೇ ಮೂಲೆಯಿಂದ ಬಂದರೆ ಬಿಸಾಡಿ ಹೊಸದು ಹಾಕಿ. ಅದಕ್ಕೆ ಜಿಪುಣತನ ಮಾಡಬೇಡಿ. ತಳದಿಂದ 15 ಸೆಂ.ಮೀ. ಮೇಲಕ್ಕೆ ಎತ್ತಿ ಕಟ್ಟಿದರೆ 1.5 ಕಿಲೋಪಾಸ್ಕಲ್ ಉಳಿತಾಯ. ಕ್ಯಾನಿಸ್ಟರ್ ನೀರು ತಿರುಗಿಸುತ್ತಿರುವಾಗ ಸ್ಟೋನ್ ತಳದಲ್ಲೇ ಇರಬೇಕೆಂದೇನೂ ಇಲ್ಲ.

ಚೆಕ್ ವಾಲ್ವಿನ ಒಳಗಿನ ರಬ್ಬರು ತುಟಿ ಹಳತಾದರೆ ಅದೇ ಟರ್‍ರ್ ಅನ್ನುತ್ತದೆ, ಜನ ಪಂಪು ಅಂತ ತಿಳಿಯುತ್ತಾರೆ. ವಾಲ್ವನ್ನು ಬೆರಳಲ್ಲಿ ಹಿಡಿದರೆ ಗೊತ್ತಾಗುತ್ತದೆ.

ಗಾಳಿ ಜಾಸ್ತಿ ಅಂತ ಟ್ಯೂಬ್ ಮಡಚಿ ಕ್ಲಿಪ್ ಹಾಕುವ ಅಭ್ಯಾಸ ಉಂಟು ಕೆಲವರಿಗೆ. ಅದೂ ಒತ್ತಡವೇ. ಮೂರು ದಾರಿಯ ಏರ್ ವಾಲ್ವ್ ಹಾಕಿ, ಹೆಚ್ಚಿನ ಗಾಳಿಯನ್ನು ಮೂರನೇ ಬಾಯಿಂದ ಹೊರಗೆ ಬಿಡಿ. ಅಲ್ಲಿ ಸುಸ್ ಅಂತ ಸದ್ದು ಬಂದರೆ ತುದಿಗೆ ಸ್ಪಂಜಿನ ಚೂರು ತುರುಕಿ.

ಇನ್ನು ಕೈಯಲ್ಲಿ ಹಿಡಿದಾಗಲೂ ಉಳಿದ ಗುಂಯ್. ಪ್ಲಗ್ ಕಿತ್ತು ಪಂಪನ್ನು ಬೋರಲು ಹಾಕಿ. ಸ್ಕ್ರೂಗಳು ಕಾಣದಿದ್ದರೆ ರಬ್ಬರ್ ಪಾದದ ಅಡಿ ಅಡಗಿರುತ್ತವೆ. ಅಡಿಯಲ್ಲಿ ಬೆರಳುಗುರಿನಷ್ಟು ಫೆಲ್ಟ್ ಅಥವಾ ಸ್ಪಂಜು ಉಂಟಲ್ಲ, ಅದು ಗಾಳಿಯ ಫಿಲ್ಟರು. ಕಪ್ಪಗಾಗಿದ್ದರೆ ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ತೆಗೆದು ಬಿಸಾಡಬೇಡಿ, ಅದು ಇಲ್ಲದಿದ್ದರೆ ಗಾಳಿ ಎಳೆಯುವ ಸದ್ದೇ ಕೇಳುತ್ತದೆ.

ಮುಚ್ಚಳ ತೆಗೆದ ಕೂಡಲೇ ಒಂದು ಫೋಟೋ ತೆಗೀರಿ, ಯಾವ ತೋಳು ಎಡದ್ದು, ಯಾವುದು ಬಲದ್ದು ಅಂತ. ನಡುವೆ ಕಾಯಿಲ್, ಎರಡು ಕಡೆ ಎರಡು ತೋಳು. ತೋಳಿನ ಒಂದು ತುದಿ ರಬ್ಬರಿನಲ್ಲಿ ಸಿಕ್ಕಿಸಿದ್ದು, ಇನ್ನೊಂದು ತುದಿಯಲ್ಲಿ ಅಯಸ್ಕಾಂತ, ಮಧ್ಯದಲ್ಲಿ ಬಟ್ಟಲಿನ ಆಕಾರದ ಕಪ್ಪು ರಬ್ಬರು. ಅದೇ ಡಯಾಫ್ರಾಮ್. ಅಯಸ್ಕಾಂತ ಕಬ್ಬಿಣದ ಮಧ್ಯಕ್ಕೆ ಸರಿಯಾಗಿ ನಿಂತಿದೆಯಾ ನೋಡಿ. ಕಬ್ಬಿಣದ ಮೇಲೆ ಒಂದು ಕಡೆ ಉಜ್ಜಿ ಹೊಳೆಯುವ ಗುರುತು ಇದ್ದರೆ ತೋಳು ಅಲ್ಲಿಗೆ ಹೊಡೆಯುತ್ತಿದೆ ಅಂತ ಲೆಕ್ಕ. ಬುಡದ ರಬ್ಬರು ಸರಿದಿರುತ್ತದೆ, ಕೈಯಲ್ಲೇ ತಳ್ಳಿ ಜಾಗಕ್ಕೆ ಕೂರಿಸಬಹುದು.

ಡಯಾಫ್ರಾಮಿನ ಅಂಚಿನ ಮಡಿಕೆಯನ್ನು ಬೆರಳಲ್ಲಿ ಬಗ್ಗಿಸಿ ಬೆಳಕಿಗೆ ಹಿಡಿಯಿರಿ. ಬಿರುಕು ಬರುವುದು ಆ ಮಡಿಕೆಯಲ್ಲೇ, ಮೊದಲಿಗೆ ಕೂದಲೆಳೆಯಷ್ಟು. ಗಾಳಿ ಕಡಿಮೆ, ಸದ್ದು ಜಾಸ್ತಿ ಅಂತಾದರೆ ನೂರಕ್ಕೆ ತೊಂಬತ್ತು ಪಾಲು ಇದೇ. ಒಂದು ಕಡೆಯದು ಹರಿದರೂ ಎರಡೂ ಬದಲಿಸಿ. ಎರಡು ತೋಳಿನ ಭಾರ ಸಮ ಇಲ್ಲದಿದ್ದರೆ ಇಡೀ ಪಂಪು ನಡುಗುತ್ತದೆ. ಡಯಾಫ್ರಾಮಿನ ಹಿಂದಿನ ಪೆಟ್ಟಿಗೆಯಲ್ಲಿ ತೆಳು ರಬ್ಬರ್ ಎಲೆ ಇರುತ್ತವೆ. ಅವು ವಾಲ್ವು. ಒಣ ಇಯರ್ ಬಡ್‌ನಲ್ಲಿ ಧೂಳು ಒರೆಸಿ, ಅಷ್ಟೆ. ತೆಂಗಿನೆಣ್ಣೆ, ಮೆಷಿನ್ ಆಯಿಲ್ ಯಾವುದೂ ಹಾಕಬೇಡಿ, ಎಲೆ ಅಂಟಿಕೊಳ್ಳುತ್ತದೆ. ಕಡೆಗೆ ಕಾಯಿಲ್ ಹಿಡಿದ ಸ್ಕ್ರೂ ಕಾಲು ಸುತ್ತು ಬಿಗಿ ಮಾಡಿ. ಕಬ್ಬಿಣದ ಪಟ್ಟಿಗಳು ಸಡಿಲಾಗಿದ್ದರೆ ಗುಂಯ್ ಅಲ್ಲಿಂದಲೇ.

ಗಿಡದತೊಟ್ಟಿ

ಕ್ಯಾನಿಸ್ಟರ್ ನಾನು ಹೇಳ್ತೀನಿ. ಸದ್ದು ಮೂರಾದರೂ ಮೂಲ ಎರಡು.

ಮುಕ್ಕಳಿಸೋ ಸದ್ದು ಅಂದ್ರೆ ಗಾಳಿ. ತಲೆಯ ಕೆಳಗೆ ಗಾಳಿ ಕೂಡಿಕೊಂಡು, ಒಂದು ಮಟ್ಟ ಮೀರಿದಾಗ ಇಂಪೆಲ್ಲರ್ (ನೀರು ತಳ್ಳೋ ರೆಕ್ಕೆಚಕ್ರ) ಅದನ್ನ ನುಂಗುತ್ತೆ. ಇಂಪೆಲ್ಲರ್ ಗಾಳಿ ಕಡಿಯೋದೇ ನಿಮ್ಮ ಕರಕರ. ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಬರ್ತಿದೆ ಅಂದ್ರೆ ಗಾಳಿ ಈಗಲೂ ಒಳಗೆ ಹೋಗ್ತಾನೇ ಇದೆ, ಹಳೇ ಗಾಳಿ ಮಾತ್ರ ಆಗಿದ್ದರೆ ಒಂದೆರಡು ದಿನದಲ್ಲಿ ತಾನೇ ಖಾಲಿಯಾಗ್ತಿತ್ತು. ಎಲ್ಲಿಂದ? ಮೊದಲ ಅನುಮಾನ ನಿಮ್ಮ ಏರ್ ಸ್ಟೋನ್ ಮೇಲೇ. ಕ್ಯಾನಿಸ್ಟರಿನ ಇನ್‌ಟೇಕ್ ಪೈಪಿನ ಪಕ್ಕದಲ್ಲಿದ್ದರೆ ಸಣ್ಣ ಗುಳ್ಳೆ ಸೀದಾ ಒಳಗೆ. ಟ್ಯಾಂಕಿನ ಇನ್ನೊಂದು ತುದಿಗೆ ಹಾಕಿ. ಎರಡನೇ ಅನುಮಾನ ಓ-ರಿಂಗ್ (ಜಾಯಿಂಟು ಬಿಗಿ ಮಾಡೋ ರಬ್ಬರ್ ಬಳೆ) ಮತ್ತು ಟ್ಯಾಪಿನ ಜಾಯಿಂಟು. ನೀರು ಸೋರದಿದ್ದರೂ ಎಳೆಯೋ ಕಡೆಯಿಂದ ಗಾಳಿ ನುಸುಳಬಹುದು. ಓ-ರಿಂಗ್ ತೊಳೆದು ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ವ್ಯಾಸಲೀನ್ ಬೇಡ, ಕೆಲವು ಜಾತಿ ರಬ್ಬರು ಅದಕ್ಕೆ ಊದಿಕೊಳ್ಳುತ್ತೆ.

ಮೂರನೇ ಅನುಮಾನ ಕೊಳೆ. ಬಿಳಿ ಫಿಲ್ಟರ್ ಹತ್ತಿ ಕಟ್ಟಿಕೊಂಡಾಗ ಅದರ ಹಿಂದೆ ಒತ್ತಡ ಕಡಿಮೆಯಾಗಿ ನೀರಲ್ಲಿ ಕರಗಿದ ಗಾಳಿಯೇ ಗುಳ್ಳೆಯಾಗಿ ಹೊರಬರುತ್ತೆ. ಇದೇ ಕಾರಣಕ್ಕೆ ಕ್ಯಾನಿಸ್ಟರಿನ ವೇಗ ತಗ್ಗಿಸಬೇಕಾದರೆ ಯಾವಾಗಲೂ ಔಟ್‌ಲೆಟ್ ಟ್ಯಾಪ್ ತಿರುಗಿಸಬೇಕು. ಇನ್‌ಲೆಟ್ ತಿರುಗಿಸಿದಿರೋ, ಸದ್ದನ್ನ ನೀವೇ ತಯಾರಿಸಿದ ಹಾಗೆ.

ಕೂಡಿದ ಗಾಳಿ ಹೊರಹಾಕೋಕೆ: ಫಿಲ್ಟರ್ ಓಡ್ತಿರುವಾಗ ಎರಡೂ ಕೈಯಲ್ಲಿ ಹಿಡಿದು ಅತ್ತ 30 ಡಿಗ್ರಿ, ಇತ್ತ 30 ಡಿಗ್ರಿ, ಎಂಟು ಹತ್ತು ಸಲ ವಾಲಿಸಿ. ಆಮೇಲೆ ಸ್ವಿಚ್ ಆಫ್ ಮಾಡಿ ಐದು ಸೆಕೆಂಡ್ ಬಿಟ್ಟು ಆನ್, ನಾಲ್ಕೈದು ಸಲ. ನಿಂತಾಗ ಗುಳ್ಳೆ ಮೇಲೇರುತ್ತೆ, ಓಡಿದಾಗ ಹೊರಗೆ ಹೋಗುತ್ತೆ.

ಈಗ ಸದಾ ಇರೋ ಕಟಕಟ. ಪ್ಲಗ್ ಕೀಳಿ, ಟ್ಯಾಪ್ ಮುಚ್ಚಿ, ತಲೆ ತೆಗೆದು ಬೋರಲು ಇಡಿ. ಇಂಪೆಲ್ಲರಿನ ಮುಚ್ಚಳ ತಿರುಗಿಸಿ ತೆಗೆದು, ಇಂಪೆಲ್ಲರನ್ನ ನೇರವಾಗಿ ಮೇಲಕ್ಕೆ ಎಳೀರಿ. ವಾಲಿಸಿ ಎಳೆದರೆ ಸೆರಾಮಿಕ್ ಶಾಫ್ಟು ಮುರಿಯುತ್ತೆ. ಅದು ಸೀಮೆಸುಣ್ಣದ ಥರ, ಬಾಗೋದು ಗೊತ್ತಿಲ್ಲ. ಶಾಫ್ಟ್ ಹೊರತೆಗೆದು ಎರಡೂ ತುದಿ ಹಿಡಿದು ಮೆಲ್ಲಗೆ ಎಳೆದು ನೋಡಿ. ಎಷ್ಟೋ ಸಲ ಒಳಗೇ ಎರಡು ತುಂಡಾಗಿರುತ್ತೆ, ಕಣ್ಣಿಗೆ ಒಂದೇ ಥರ ಕಾಣುತ್ತೆ.

ಶಾಫ್ಟಿನ ಎರಡು ತುದಿಗೂ ಕಾಳುಮೆಣಸಿನಷ್ಟು ರಬ್ಬರ್ ಬುಷ್ ಇರಬೇಕು. ಒಂದು ಮುಚ್ಚಳದಲ್ಲಿ, ಇನ್ನೊಂದು ಇಂಪೆಲ್ಲರ್ ಕೂರೋ ಗುಂಡಿಯ ತಳದಲ್ಲಿ. ತಳದ್ದು ತೊಳೆಯುವಾಗ ಸಿಂಕಿನಲ್ಲಿ ಹೋಗಿಬಿಡೋದೇ ಜಾಸ್ತಿ. ಬುಷ್ ಇಲ್ಲದಿದ್ದರೆ ಅಥವಾ ಅದರ ತೂತು ಮೊಟ್ಟೆಯಾಕಾರ ಆಗಿದ್ದರೆ ಕಟಕಟ ನಿಲ್ಲಲ್ಲ, ನೀವು ಏನೇ ತೊಳೀರಿ. ಈ ಥರ ಮೋಟರು ನಮ್ಮ 50 ಹರ್ಟ್ಸಿಗೆ ನಿಮಿಷಕ್ಕೆ 3000 ಸುತ್ತು ತಿರುಗುತ್ತೆ, ಕೂದಲೆಳೆಯ ಸಡಿಲವೂ ಕೇಳುತ್ತೆ.

ಅಯಸ್ಕಾಂತದ ಮೇಲೆ ಬಿಳಿ ಪೊರೆ ಇದ್ದರೆ ಸುಣ್ಣ. ಒಂದು ಲೀಟರ್ ಬೆಚ್ಚಗಿನ ನೀರಿಗೆ ಒಂದು ಟೇಬಲ್ ಚಮಚ ಸಿಟ್ರಿಕ್ ಆಸಿಡ್ (ದಿನಸಿ ಅಂಗಡೀಲಿ ನಿಂಬೆ ಉಪ್ಪು), ಇಂಪೆಲ್ಲರ್ ಅರ್ಧ ಗಂಟೆ ಅದರಲ್ಲಿರಲಿ. ಗುಂಡಿಯ ಒಳಗೆ ಇಯರ್ ಬಡ್ ಅಥವಾ ಹಳೇ ಹಲ್ಲುಜ್ಜೋ ಬ್ರಷ್. ಆಮೇಲೆ ಸಾದಾ ನೀರಲ್ಲಿ ಎರಡು ಸಲ ತೊಳೆದು ಜೋಡಿಸಿ. ಕಪ್ಪು ಮರಳಿನ ಟ್ಯಾಂಕಾದರೆ ಅಯಸ್ಕಾಂತಕ್ಕೆ ಕಬ್ಬಿಣದಂಶದ ಕಣ ಅಂಟಿರುತ್ತೆ, ಅಗಲವಾದ ಸೆಲ್ಲೋ ಟೇಪ್ ಒತ್ತಿ ಕಿತ್ತರೆ ಬರುತ್ತೆ.

ಒಂದು ಎಚ್ಚರಿಕೆ: ಇಂಪೆಲ್ಲರಿನ ರೆಕ್ಕೆ ಅಯಸ್ಕಾಂತದ ಮೇಲೆ ಸುಮಾರು ಅರ್ಧ ಸುತ್ತು ಸಡಿಲವಾಗಿ ತಿರುಗೋದು ದೋಷ ಅಲ್ಲ. ಮೋಟರ್ ಹೊರಡೋಕೆ ಆ ಸಡಿಲ ಬೇಕು. ಫೆವಿಕ್ವಿಕ್ ಹಾಕಿ ಅಂಟಿಸಿದರೆ ಮತ್ತೆ ಸ್ಟಾರ್ಟೇ ಆಗದೆ ಇರಬಹುದು.

ಹುಬ್ಬಳ್ಳಿ_ಸಿಕ್ಲಿಡ್

ಫೆವಿಕ್ವಿಕ್ ಮಾತು ಬಂದಿದ್ದು ಛಲೋ ಆತು 😄

ನಂದೊಂದು ಪ್ರಶ್ನೆ. ಕರೆಂಟ್ ಹೋಗಿ ಇನ್ವರ್ಟರ್ ಮ್ಯಾಲ ಬಂದಾಗ ಅದ ಪಂಪು ಯಾಕ ಅಷ್ಟು ಚೀರ್ತೈತಿ?

ಸ್ಪ್ರಿಂಗು_ಲೆಕ್ಕ

ಇನ್ವರ್ಟರು ಸ್ಕ್ವೇರ್ ವೇವ್ ಇರಬೇಕು, ಅಂದರೆ ಕರೆಂಟಿನ ಅಲೆ ನುಣುಪಾಗಿರದೆ ಚೌಕಾಕಾರ. ಅದರಲ್ಲಿ 50 ಹರ್ಟ್ಸ್ ಜೊತೆ 150, 250, 350 ಎಲ್ಲ ಧಾರಾಳ ಇರುತ್ತೆ. ಕಿವಿ 50ಕ್ಕಿಂತ ಅವುಗಳಿಗೆ ಬಹಳ ಚುರುಕು, ಅದಕ್ಕೇ ಚೀರಿದ ಹಾಗೆ ಕೇಳೋದು. ಕಾಯಿಲ್ಲೂ ಹೆಚ್ಚು ಬಿಸಿಯಾಗುತ್ತೆ. ಸೈನ್ ವೇವ್ ಇನ್ವರ್ಟರಲ್ಲಿ ಈ ತಾಪತ್ರಯ ಇಲ್ಲ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿ ಪಂಪಿನ ಸದ್ದು ಇಳಿಸ್ತೀನಿ ಅನ್ನೋರಿಗೂ ಇದೇ ಉತ್ತರ. ಅದು ಅಲೆಯನ್ನ ಕತ್ತರಿಸಿ ಕೊಡುತ್ತೆ, ಚೀರಾಟ ಜಾಸ್ತಿ. ಕ್ಯಾನಿಸ್ಟರಿಗಂತೂ ಹಾಕಲೇಬೇಡಿ, ಮೋಟರು ಹೊರಡದೆ ನಿಂತಲ್ಲೇ ನಡುಗುತ್ತೆ.

ಹಾಂ, ಆ್ಯಪಿನ 36 ಮತ್ತು 34ರ ವಿಷಯ ಉಳಿದಿತ್ತು. ಆ್ಯಪು ಸಾಮಾನ್ಯವಾಗಿ ತೋರಿಸೋದು ಎ-ತೂಕದ ಡೆಸಿಬೆಲ್, ಅಂದರೆ ಕಿವಿಯ ಚುರುಕಿಗೆ ಹೊಂದಿಸಿದ ಲೆಕ್ಕ. ಆ ಲೆಕ್ಕದಲ್ಲಿ 50 ಹರ್ಟ್ಸಿನ ಸದ್ದಿಗೆ ಸುಮಾರು 30 ಡೆಸಿಬೆಲ್, 100 ಹರ್ಟ್ಸಿಗೆ ಸುಮಾರು 19 ಡೆಸಿಬೆಲ್ ಕಳೆದುಬಿಡ್ತಾರೆ. ಅಂದರೆ ನಿಮಗೆ ಕಾಟ ಕೊಡೋ ಸ್ವರವನ್ನೇ ಆ್ಯಪು ಲೆಕ್ಕಕ್ಕೆ ಹಿಡಿದಿಲ್ಲ. ಸೌಂಡ್ ಮೀಟರ್ ಬದಲು ಸ್ಪೆಕ್ಟ್ರಮ್ ತೋರಿಸೋ ಆ್ಯಪ್ ಹಾಕಿ, 50, 100, 150ರ ಕಡ್ಡಿಗಳ ಎತ್ತರ ನೋಡಿ. ಮೊದಲು ಮತ್ತು ಆಮೇಲೆ ಫೋನು ಒಂದೇ ಜಾಗದಲ್ಲಿರಲಿ. ಒಂದು ಅಡಿ ಸರಿದರೂ ಕೋಣೆಯಲ್ಲಿ ಈ ಸ್ವರಗಳು ಏರುಪೇರಾಗುತ್ತವೆ.

ಮಲ್ಲೇಶ್ವರ_ಗಪ್ಪಿ

ಟವೆಲ್ ವಾಪಸ್ ತಗೊಂಡೆ. ಮೀನುಗಳಿಗೆ ಈ ಸದ್ದಿನಿಂದ ತೊಂದರೆ ಉಂಟಾ?

ಗಿಡದತೊಟ್ಟಿ

ಎಲ್ಲ ಮೀನಿಗೂ ಒಂದೇ ಅಲ್ಲ. ಗೋಲ್ಡ್‌ಫಿಶ್, ಟೆಟ್ರಾ, ಬಾರ್ಬ್, ಲೋಚ್, ಕ್ಯಾಟ್‌ಫಿಶ್ ಇವುಗಳಲ್ಲಿ ಗಾಳಿಚೀಲದಿಂದ ಒಳಗಿವಿಗೆ ಸಣ್ಣ ಮೂಳೆಗಳ ಸರಪಳಿ ಇದೆ, ವೆಬರ್ ಮೂಳೆಗಳು ಅಂತಾರೆ. ಅವು ಸದ್ದನ್ನ ಚೆನ್ನಾಗಿ ಕೇಳುತ್ತವೆ. ಸಿಕ್ಲಿಡ್‌ಗಳಲ್ಲಿ ಆ ಸರಪಳಿ ಇಲ್ಲ. ಗೋಲ್ಡ್‌ಫಿಶ್ ಮೇಲೆ 2004ರಲ್ಲಿ ಬಂದ ಒಂದು ಅಧ್ಯಯನದಲ್ಲಿ ನೀರೊಳಗೆ 160–170 ಡೆಸಿಬೆಲ್ ಗದ್ದಲ ಕೇಳಿಸಿದಾಗ ಅವುಗಳ ಶ್ರವಣ ಮಂದವಾಗಿತ್ತು. ನೀರಿನ ಡೆಸಿಬೆಲ್ ಬೇರೆ ಅಳತೆ, ನಿಮ್ಮ ಆ್ಯಪಿನ ಸಂಖ್ಯೆ ಜೊತೆ ಹೋಲಿಸಬೇಡಿ. ಮಾಡೋಕಾಗೋದು ಇಷ್ಟು: ಟ್ಯಾಂಕಿನೊಳಗಿನ ಪಂಪು ಇದ್ದರೆ ಅದನ್ನ ಗಾಜಿನ ನಡುಮಧ್ಯೆ ಅಂಟಿಸಬೇಡಿ, ಮೂಲೆಗೆ ಹಾಕಿ. ಮಧ್ಯದಲ್ಲಿ ಗಾಜು ಚರ್ಮದ ವಾದ್ಯದ ಥರ, ಮೂಲೇಲಿ ಗಟ್ಟಿ. ಸಕ್ಷನ್ ಕಪ್ ಕಲ್ಲಾಗಿದ್ದರೆ ಬದಲಿಸಿ.

ಒಂದು ಮಾತು ಯಾರೂ ಕೇಳಲಿಲ್ಲ ಅಂತ ನಾನೇ ಕೇಳ್ತೀನಿ. ಕ್ಯಾನಿಸ್ಟರ್ ಇದ್ದಮೇಲೆ ಏರ್ ಪಂಪು ಯಾಕೆ? ಆಮ್ಲಜನಕ ನೀರಿಗೆ ಸೇರೋದು ಹೆಚ್ಚಾಗಿ ಮೇಲ್ಮೈಯಿಂದ. ಕ್ಯಾನಿಸ್ಟರಿನ ಔಟ್‌ಲೆಟ್ಟನ್ನ ಮೇಲ್ಮೈ ಕಡೆ ತಿರುಗಿಸಿ, ಇಡೀ ಮೈ ಅಲೆಯಾಡೋ ಹಾಗೆ ಇಟ್ಟರೆ ಮೀನು ಕಿಕ್ಕಿರಿಯದ ಟ್ಯಾಂಕಿಗೆ ಸಾಕು. ಬೇಸಿಗೇಲಿ ನೀರು 30 ಡಿಗ್ರಿ ದಾಟಿದಾಗ ಅಥವಾ ಔಷಧಿ ಹಾಕಿದಾಗ ಏರ್ ಪಂಪು ಬೇಕು. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಡೀತಿದ್ದರೆ ತಕ್ಷಣ ವಾಪಸ್ ಹಾಕಿ.

ಕುಡ್ಲ_ರಿಪೇರಿ

ಇದಕ್ಕೆ ನಾನು ಪೂರ್ತಿ ಒಪ್ಪುವುದಿಲ್ಲ. ಕ್ಯಾನಿಸ್ಟರ್ ಒಂದೇ ಇದ್ದು ಅದು ನಿಂತರೆ? ಏರ್ ಪಂಪಿನ ಮೇಲೆ ಸ್ಪಂಜ್ ಫಿಲ್ಟರ್ ಓಡುತ್ತಿದ್ದರೆ ಎರಡನೇ ಆಧಾರ. ಏರ್ ಸ್ಟೋನ್ ಬೇಕಾದರೆ ತೆಗೀಲಿ, ಸ್ಪಂಜ್ ಇರಲಿ.

ನಿದ್ದೆಗೆಟ್ಟ_ಟೆಟ್ರಾ

ಮಾಡಿದ್ದು: ಕಡಪಾ ಕಲ್ಲು, ನಾಲ್ಕು ಫೋಮ್ ತುಂಡು, 25ರಿಂದ 22.5ಕ್ಕೆ ತಗ್ಗಿದೆ. ಹೊಸ ಏರ್ ಸ್ಟೋನ್, ಇನ್‌ಟೇಕಿನಿಂದ ದೂರ. ಕ್ಯಾನಿಸ್ಟರ್ ತೊಳೆದೆ, ತಳದ ಬುಷ್ ಇರಲೇ ಇಲ್ಲ! ಹೊಸ ಜೋಡಿ ಹಾಕಿದೆ. ಗುಂಯ್ ಈಗ ಕ್ಯಾಬಿನೆಟ್ ಬಾಗಿಲು ತೆಗೆದು ಕಿವಿ ಇಟ್ಟರೆ ಮಾತ್ರ. 100 ಹರ್ಟ್ಸಿನ ಕಡ್ಡಿ ಮೊದಲಿನ ಕಾಲು ಭಾಗವೂ ಇಲ್ಲ. ಕಟಕಟ ಹೋಯ್ತು.

ಈಗ ಮೊದಲು ಕೇಳದೇ ಇದ್ದ ಎರಡು ಕೇಳ್ತಿವೆ. ಮುಚ್ಚಳದ ಗಾಜಿನ ಝಿರ್ರ್, ಸ್ಪಂಜ್ ಫಿಲ್ಟರಿನ ಬುಳುಬುಳು. ಪಂಪು ಬಿಚ್ಚಿ ನೋಡಿದಾಗ ಎಡಗಡೆ ಡಯಾಫ್ರಾಮಿನ ಮಡಿಕೇಲಿ ಸಣ್ಣ ಬಿರುಕೂ ಕಾಣಿಸ್ತು.

ಹುಬ್ಬಳ್ಳಿ_ಸಿಕ್ಲಿಡ್

ಗಾಜಿಗೆ ಏರ್ ಟ್ಯೂಬ್ ಉದ್ದಕ್ಕ ಸೀಳಿ ಅಂಚಿಗೆ ತೊಡಸ್ರಿ, ನಾಲ್ಕು ಕಡೆ ಎರಡೆರಡು ಇಂಚು. ಝಿರ್ರ್ ಅಲ್ಲೇ ನಿಲ್ತೈತಿ.

ಗಿಡದತೊಟ್ಟಿ

ಬುಳುಬುಳುಗೆ: ಸ್ಪಂಜ್ ಫಿಲ್ಟರಿನ ನೆಟ್ಟನೆ ಕೊಳವೆಯೊಳಗೆ ಟ್ಯೂಬಿನ ತುದಿಗೆ ಸಣ್ಣ ಏರ್ ಸ್ಟೋನ್ ಸಿಕ್ಕಿಸಿ. ದಪ್ಪ ಗುಳ್ಳೆ ಸಣ್ಣದಾಗುತ್ತೆ, ನೀರೂ ಚೆನ್ನಾಗಿ ಏರುತ್ತೆ. ಕೊಳವೆಯ ಬಾಯಿ ನೀರಿನ ಮೇಲೆ ಬಂದಿದ್ದರೆ ಕತ್ತರಿಸಿ ಒಂದೆರಡು ಸೆಂ.ಮೀ. ಒಳಗಿಳಿಸಿ. ವಾರದಲ್ಲಿ ನೀರು ಆವಿಯಾಗಿ ಇಳಿದಾಗ ಮತ್ತೆ ಸದ್ದು ಬರುತ್ತೆ, ಗಾಜಿನ ಮೇಲೆ ಮಾರ್ಕರಿನಲ್ಲಿ ಗೆರೆ ಹಾಕಿಕೊಂಡು ಅಲ್ಲಿವರೆಗೆ ತುಂಬಿಸಿ.

ಕುಡ್ಲ_ರಿಪೇರಿ

ಡಯಾಫ್ರಾಮ್ ತರಲಿಕ್ಕೆ ಹೋಗುವಾಗ ಪಂಪಿನ ಹೆಸರು ಹೇಳಿ ಕೇಳಬೇಡಿ, ಹಳೆಯದನ್ನೇ ಜೇಬಲ್ಲಿ ಹಾಕಿಕೊಂಡು ಹೋಗಿ. ಒಂದೇ ಪೆಟ್ಟಿಗೆಯ ಪಂಪಿಗೆ ಎರಡು ಮೂರು ಅಳತೆ ಬರ್ತದೆ. ಅಂಚಿನ ವ್ಯಾಸ, ನಡುವಿನ ತೂತು, ಬಟ್ಟಲಿನ ಆಳ ಮೂರೂ ಒಂದರ ಮೇಲೊಂದು ಇಟ್ಟು ಸರಿ ನೋಡಿ. ಆಳ ಜಾಸ್ತಿ ಇದ್ದದ್ದು ಹಾಕಿದರೆ ತೋಳು ಮಧ್ಯಕ್ಕೆ ನಿಲ್ಲುವುದಿಲ್ಲ, ಕಬ್ಬಿಣಕ್ಕೆ ಹೊಡೆಯುತ್ತದೆ. ಜೋಡಿಸಿದ ಮೇಲೆ ಮುಚ್ಚಳ ಹಾಕುವ ಮೊದಲು ಕೈಯಲ್ಲಿ ತೋಳನ್ನು ಅತ್ತಿತ್ತ ಆಡಿಸಿ, ಎರಡೂ ಕಡೆ ಒಂದೇ ಅಂತರ ಉಂಟಾ ನೋಡಿ. ಕರೆಂಟ್ ಕೊಡುವುದು ಮುಚ್ಚಳ ಹಾಕಿದ ಮೇಲೆಯೇ.